ಮಂಗಳವಾರದ ನೀಲಿ ಗೆರೆ

ಆ ಇಪ್ಪತ್ತೆರಡು ಫೋನುಗಳನ್ನು ಹಂಚಿದವಳು ನಾನೇ. ಒಂದೊಂದನ್ನೂ ಡಬ್ಬಿಯಿಂದ ತೆಗೆದು, ಸಿಮ್ ಹಾಕಿ, ಬೆನ್ನಿಗೆ ನಂಬರಿನ ಚೀಟಿ ಅಂಟಿಸಿ, ಮನೆ ಮನೆಗೆ ಹೋಗಿ ಕೈಗೆ ಕೊಟ್ಟಿದ್ದೆ. ಕೊಡುವಾಗ ಹೇಳಬೇಕಾದ ಮಾತನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು.

‘ಈ ಫೋನು ನೀವು ಎಲ್ಲಿ ಇದ್ರಿ, ಕುಂತಿದ್ರೋ ನಡೀತಿದ್ರೋ ಅನ್ನೂದನ್ನ ಬರಕೊಳ್ತೈತ್ರಿ. ನೀವು ಏನ್ ಮಾತಾಡ್ತೀರಿ ಅನ್ನೂದನ್ನ ಕೇಳಂಗಿಲ್ಲ. ಇದು ನಮ್ಮ ಅಧ್ಯಯನಕ್ಕಷ್ಟ. ನಿಮ್ಮ ಮನ್ಯಾವ್ರಿಗೂ ತೋರ್ಸಂಗಿಲ್ಲ, ಊರಾಗಿನವ್ರಿಗೂ ತೋರ್ಸಂಗಿಲ್ಲ.’

ಕೊನೆಯ ಮಾತನ್ನು ಎದುರಿಗಿದ್ದವಳ ಕಣ್ಣು ನೋಡಿಯೇ ಹೇಳಬೇಕೆಂದು ನಮ್ಮ ಸಂಯೋಜಕಿ ಮೇಡಂ ಕಲಿಸಿದ್ದರು. ಇಪ್ಪತ್ತೆರಡು ಸಲವೂ ನಾನು ಕಣ್ಣು ನೋಡಿಯೇ ಹೇಳಿದೆ.

ಆಗಿನ್ನೂ ಕಾಗವಾಡ ತಾಲೂಕಾಗಿರಲಿಲ್ಲ. ಐನಾಪುರ, ಶೇಡಬಾಳ ಎಲ್ಲವೂ ಅಥಣಿಗೇ ಸೇರಿದ್ದವು. ಟಚ್ ಫೋನು ಊರೂರಿಗೆ ಬಂದಿತ್ತಾದರೂ ಅದು ಗಂಡಸರ ಜೇಬಿನಲ್ಲಿತ್ತು. ಹೆಂಗಸರ ಕೈಯಲ್ಲಿ ಇದ್ದರೆ ಗುಂಡಿ ಒತ್ತುವ ಹಳೆಯ ಫೋನು, ಇಲ್ಲದಿದ್ದರೆ ಅದೂ ಇಲ್ಲ. ಬೆಳಗಾವಿಯ ಒಂದು ಸಂಸ್ಥೆ, ಹಳ್ಳಿಯ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕೆಂದು ಹೊರಟಿತ್ತು. ಬಾಯಿಮಾತಿನಲ್ಲಿ ಕೇಳಿದರೆ ಅವರು ಹೇಳುತ್ತಿದ್ದುದು ಒಂದೇ ಮಾತು: ‘ಏನ್ ಮಾಡ್ತೇವ್ರಿ, ಮನ್ಯಾಗ ಇರ್ತೇವು.’ ಹೀಗಾಗಿ ಫೋನು. ಮೂರು ತಿಂಗಳು ಅದನ್ನು ಮೈಮೇಲೆ ಇಟ್ಟುಕೊಂಡರೆ ಸಾಕು, ಕೊನೆಗೆ ಫೋನು ಅವರದೇ. ಚಿಕ್ಕೋಡಿಯ ಮನೆಯಿಂದ ಸ್ಕೂಟಿಯಲ್ಲಿ ಹೊರಟು, ಅಂಕಲಿ ದಾಟಿ, ಕೃಷ್ಣೆಯ ಸೇತುವೆ ದಾಟಿ, ಐನಾಪುರದಾಚೆ ಹೊಳೆಯ ಕಡೆ ಇಳಿಯುವ ಒಂದು ಹಳ್ಳಿಗೆ ನಾನು ಹೋಗುತ್ತಿದ್ದೆ. ಹಳ್ಳಿಯ ಹೆಸರು ಬೇಡ.

ಫೋನಿನೊಳಗೆ ಹಾಕಿದ್ದ ಆ್ಯಪು ಐದೈದು ನಿಮಿಷಕ್ಕೊಮ್ಮೆ ಫೋನು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳುತ್ತಿತ್ತು. ಅದು ನಿಂತಿದೆಯೇ, ನಡೆಯುವವರ ಜೊತೆ ಅಲುಗಾಡುತ್ತಿದೆಯೇ, ಗಾಡಿಯಲ್ಲಿದೆಯೇ ಎಂಬುದನ್ನೂ ಹಿಡಿಯುತ್ತಿತ್ತು. ನೆಟ್ ಸಿಕ್ಕಾಗ ಎಲ್ಲವೂ ಬೆಳಗಾವಿಯ ಕಚೇರಿಗೆ ಹೋಗಿ ಅಲ್ಲಿಯ ನಕ್ಷೆಯ ಮೇಲೆ ಚುಕ್ಕೆಯಾಗುತ್ತಿತ್ತು. ಅಲ್ಲಿಂದ ವಾರಕ್ಕೊಮ್ಮೆ ನನಗೆ ಒಬ್ಬೊಬ್ಬರದೂ ದಿನಕ್ಕೊಂದರಂತೆ ಉದ್ದನೆಯ ಪಟ್ಟಿ ಬರುತ್ತಿತ್ತು. ನಿಂತ ಹೊತ್ತಿಗೆ ಹಳದಿ, ನಡೆದ ಹೊತ್ತಿಗೆ ಹಸಿರು, ಗಾಡಿಯ ಹೊತ್ತಿಗೆ ನೀಲಿ, ಪಕ್ಕದಲ್ಲಿ ಜಾಗದ ಗುರುತು. ಪ್ರತಿ ಶನಿವಾರ ಆ ಪಟ್ಟಿ ಹಿಡಿದು ಅವರ ಜೊತೆ ಕೂತು, ‘ಇಲ್ಲಿ ಹಸಿರು ಐತಲ್ರಿ, ಏನ್ ಮಾಡಾಕತ್ತಿದ್ರಿ?’ ಎಂದು ಕೇಳಿ ಕೆಲಸದ ಸಂಕೇತ ಬರೆಯುವುದು ನನ್ನ ಕೆಲಸ. ಅಡುಗೆಗೆ ಒಂದು, ನೀರಿಗೆ ಎರಡು, ಸಗಣಿ ಬಾಚುವುದಕ್ಕೆ ಮೂರು, ಹೀಗೆ. ಹತ್ತೊಂಬತ್ತು ಎಂದರೆ ‘ಹೇಳಲು ಇಷ್ಟವಿಲ್ಲ’.

ಮೊದಲ ವಾರದ ಪಟ್ಟಿ ನೋಡಿ ನನಗೆ ತಲೆ ಕೆಟ್ಟಿತು. ಏಳನೆಯ ನಂಬರಿನವರು ಮೂರು ದಿನ ಅಲುಗಾಡಿಯೇ ಇರಲಿಲ್ಲ. ಹೋಗಿ ನೋಡಿದರೆ ಫೋನು ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ‘ತುಟ್ಟಿ ಸಾಮಾನ್ರಿ ಅಕ್ಕಾರ, ಹೊಲಕ್ಕ ಒಯ್ದ್ರ ಕಳೀತೈತಿ’ ಎಂದರು. ಹನ್ನೊಂದನೆಯವರು ಒಂದೇ ಮಧ್ಯಾಹ್ನ ಮಿರಜಕ್ಕೆ ಹೋಗಿ ಬಂದಿದ್ದರು. ಅದು ಅವರಲ್ಲ, ಫೋನು ಇಸಿದುಕೊಂಡು ಹೋದ ಗಂಡ. ಹೊಳೆಯ ದಂಡೆಯ ಮೂವರ ಪಟ್ಟಿ ನಡುನಡುವೆ ಖಾಲಿ. ಗಡಿಯಾಚೆಯ ಮಹಾರಾಷ್ಟ್ರದ ಟವರ್ ಜೋರಾಗಿ ಸಿಕ್ಕೊಡನೆ ಫೋನು ಅಲ್ಲಿಗೆ ಜಿಗಿದು, ‘ಮಹಾರಾಷ್ಟ್ರಕ್ಕೆ ಸ್ವಾಗತ’ ಎಂಬ ಸಂದೇಶ ತೋರಿಸಿ, ನೆಟ್ ನಿಲ್ಲಿಸಿಬಿಡುತ್ತಿತ್ತು. ರೋಮಿಂಗ್ ಚಾಲೂ ಮಾಡಿ ಅದನ್ನು ಸರಿಪಡಿಸಿದೆ. ಫೋನು ಮೈಮೇಲೆ ಇರಬೇಕಲ್ಲ, ಅದಕ್ಕೆ ಊರಿನ ದರ್ಜಿ ಹೆಂಗಸಿನ ಕಡೆಯಿಂದ ಇಪ್ಪತ್ತೆರಡು ಬಟ್ಟೆ ಚೀಲ ಹೊಲಿಸಿದೆ. ಸೀರೆಯ ಒಳಗೆ ನಡುವಿಗೆ ಕಟ್ಟಿಕೊಳ್ಳುವಂಥವು. ಬಗ್ಗಿದರೂ ಬೀಳುವುದಿಲ್ಲ, ಗಂಡಸರು ಕೇಳಲೂ ಬರುವುದಿಲ್ಲ.

ಎರಡನೆಯ ವಾರದಿಂದ ಪಟ್ಟಿಗಳು ಮಾತಾಡತೊಡಗಿದವು. ಮೂರನೆಯ ನಂಬರಿನ ಒಬ್ಬ ನಡುವಯಸ್ಸಿನವರು ತಮ್ಮ ಪಟ್ಟಿಯ ಹಸಿರನ್ನು ಬೆರಳಿನಿಂದ ಎರಡು ಸಲ ಅಳೆದು ನೋಡಿದರು. ಆಮೇಲೆ ಒಳಗಿದ್ದ ಅತ್ತೆಯನ್ನು ಕರೆದರು. ‘ಅತ್ತೀ, ಇಲ್ಲಿ ಬರ್ರಿ. ಮುಂಜಾನಿಂದ ಕುಂತ ತಿಂತಾಳ ಅಂತಿದ್ರಲ್ಲ, ನೋಡ್ರಿ ಇಲ್ಲೆ. ಇದಿಷ್ಟೂ ನಾ ನಡದದ್ದು.’ ಅತ್ತೆ ಪಟ್ಟಿಯನ್ನು ತಿರುವಿ ನೋಡಿ, ‘ನಂದೂ ಒಂದ್ ಮಾಡ್ರಿ ಬಾಯಾರ’ ಎಂದಳು. ಅವತ್ತು ಸ್ಕೂಟಿ ಹೊಡೆಯುತ್ತ ದಾರಿಯುದ್ದಕ್ಕೂ ನಾನು ಹಾಡಿಕೊಂಡು ಬಂದೆ. ನನ್ನ ಕೆಲಸದ ಮೇಲೆ ನನಗೆ ಅಷ್ಟು ಅಭಿಮಾನ ಹಿಂದೆಂದೂ ಇರಲಿಲ್ಲ. ಇದನ್ನು ಹೇಳುವುದು ಯಾಕೆಂದರೆ, ಮುಂದೆ ಆದದ್ದಕ್ಕೆ ಆ ಅಭಿಮಾನವೂ ಕಾರಣ.

ಹದಿನಾಲ್ಕನೆಯ ನಂಬರಿನವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಎರಡು ಎಮ್ಮೆ, ಒಂದಿಷ್ಟು ಹೊಲ, ಮಾತು ಕಡಿಮೆಯ ಗಂಡ. ಮನೆಯಲ್ಲಿ ನಡೆಯುತ್ತಿದ್ದುದು ಮೈದುನನ ಮಾತು. ಅವನು ಪಂಚಾಯ್ತಿ ಮೆಂಬರ್. ವೈನಿಯ ಪಟ್ಟಿ ಗಡಿಯಾರದ ಹಾಗೆ ಇರುತ್ತಿತ್ತು. ಮುಂಜಾನೆ ಹಾಲು, ಡೇರಿ, ಹೊಲ, ಮೇವು, ಮತ್ತೆ ಹಾಲು. ಮಂಗಳವಾರ ಮಾತ್ರ ಮಧ್ಯಾಹ್ನಕ್ಕೆ ಒಂದು ನೀಲಿ ಗೆರೆ ಎಳೆದಂತೆ ಶೇಡಬಾಳದವರೆಗೆ ಹೋಗಿ, ರೈಲು ನಿಲ್ದಾಣದ ಹತ್ತಿರ ಒಂದೂಮುಕ್ಕಾಲು ತಾಸು ಹಳದಿಯಾಗಿ ನಿಂತು, ಮತ್ತೆ ನೀಲಿಯಾಗಿ ವಾಪಸು ಬರುತ್ತಿತ್ತು.

‘ಎಮ್ಮಿಗೆ ಹಿಂಡಿ ತರಾಕ ಹೋಗಿದ್ದೆ’ ಎಂದರು.

ಶೇಡಬಾಳದಲ್ಲಿ ಹಿಂಡಿಯ ಅಂಗಡಿ ಊರ ನಡುವೆ ಇತ್ತು. ನಾನು ನೋಡಿದ್ದೆ. ‘ವೈನಿ, ಅಂಗಡಿ ಈ ಕಡೆ ಬರತೈತಿ, ನೀವು ಸ್ಟೇಷನ್ ಬಾಜೂಕ ಇದ್ರಿ. ಬರೋಬ್ಬರಿ ಬರೀಬೇಕಾಗತೈತಿ ನಾ’ ಎಂದೆ. ಯಾಕೆ ಅಷ್ಟು ಕೆದಕಿದೆ? ಸುಳ್ಳು ಹಿಡಿಯುವ ಉದ್ದೇಶವೇನೂ ಇರಲಿಲ್ಲ. ಪಟ್ಟಿ ಹೇಳುವುದೂ ಬಾಯಿ ಹೇಳುವುದೂ ಒಂದಕ್ಕೊಂದು ಹೊಂದಬೇಕು ಎಂಬ ಚಟ ಹತ್ತಿಬಿಟ್ಟಿತ್ತು.

ವೈನಿ ಮೊದಲು ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಪಟ್ಟಿಯನ್ನು ತೆಗೆದುಕೊಂಡು ಮಡಿಲಲ್ಲಿ ಬೋರಲು ಹಾಕಿದರು.

‘ಅಲ್ಲೆ ನನ್ನ ಮಗಳ ಅದಾಳ, ತಂಗಿ.’

ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಎರಡು ವರ್ಷವಾಗಿತ್ತು. ಮೈದುನ ಮನೆಯ ಮುಂದೆ ನಿಂತು, ನಮ್ಮ ಪಾಲಿಗೆ ಅವಳು ಸತ್ತಳೆಂದು ಎಳ್ಳುನೀರು ಬಿಟ್ಟಿದ್ದ. ಕಣ್ಣಿಗೆ ಬಿದ್ದರೆ ಕಾಲು ಮುರಿಯುತ್ತೇನೆ ಎಂದೂ ಸಾರಿದ್ದ. ಮಗಳು ಎಲ್ಲೆಲ್ಲೋ ಇದ್ದು ಈಗ ಶೇಡಬಾಳದಲ್ಲಿ ಬಾಡಿಗೆ ಕೋಣೆ ಮಾಡಿದ್ದಳು. ಆರು ತಿಂಗಳ ಬಸುರಿ. ವೈನಿ ಮಂಗಳವಾರ ಹಿಂಡಿಯ ನೆಪದಲ್ಲಿ ಟಂಟಂ ಆಟೋ ಹತ್ತಿ ಹೋಗಿ, ಅವಳ ತಲೆಗೆ ಎಣ್ಣೆ ಹಚ್ಚಿ, ಒಯ್ದ ತುಪ್ಪ ಕೊಟ್ಟು ಬರುತ್ತಿದ್ದರು.

‘ಮಂಗಳವಾರ ಫೋನ್ ಮನ್ಯಾಗ ಇಟ್ ಹೋಗ್ಲೇನ?’ ಎಂದು ಕೇಳಿದರು.

ಆಗ ನಾನು ಹೂಂ ಎನ್ನಬೇಕಿತ್ತು. ಒಂದಕ್ಷರ ಸಾಕಿತ್ತು. ಆದರೆ ಮೊದಲ ವಾರದ ನಂತರ, ವಾರದಲ್ಲಿ ಅರ್ಧ ದಿನ ಫೋನು ಮೈಮೇಲೆ ಇಲ್ಲದಿದ್ದರೂ ಆ ಪಟ್ಟಿಯನ್ನು ಅಧ್ಯಯನದಿಂದ ಕೈಬಿಡಬೇಕೆಂಬ ನಿಯಮವಿತ್ತು. ವೈನಿಯ ಪಟ್ಟಿ ನನ್ನ ಇಪ್ಪತ್ತೆರಡರಲ್ಲಿ ಎಲ್ಲಕ್ಕಿಂತ ಚೊಕ್ಕ. ‘ಬ್ಯಾಡ್ರಿ ವೈನಿ, ಒಯ್ರಿ. ನಾ ಹತ್ತೊಂಬತ್ತು ಅಂತ ಬರೀತೀನಿ. ಯಾರೂ ನೋಡಂಗಿಲ್ಲ’ ಎಂದೆ. ಅವರು ನನ್ನ ಮುಖ ನೋಡಿ, ಪಟ್ಟಿಯನ್ನು ಮಡಿಲಿನಿಂದ ತೆಗೆದು ವಾಪಸು ಕೊಟ್ಟರು.

ಹತ್ತೊಂಬತ್ತು ಎಂದು ನಾನು ಬರೆದದ್ದು ಕಾಗದದ ಮೇಲೆ. ಚುಕ್ಕೆ ನಕ್ಷೆಯ ಮೇಲೆ ಹಾಗೆಯೇ ಉಳಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ನೋಡುವವರು ನಾವೇ ತಾನೆ ಎಂದುಕೊಂಡೆ.

ಎರಡನೆಯ ತಿಂಗಳ ಮೊದಲ ವಾರ ಊರಲ್ಲಿ ತಕರಾರು ಎದ್ದಿತು. ಎಬ್ಬಿಸಿದವನು ವೈನಿಯ ಮೈದುನನೇ. ಹೆಂಗಸರಿಗೆ ಫೋನು ಕೊಟ್ಟು ಕೆಡಿಸುತ್ತಿದ್ದಾರೆ, ಅದರಲ್ಲಿ ಏನೇನು ಇದೆಯೋ ಯಾರಿಗೆ ಗೊತ್ತು, ಎಲ್ಲ ಫೋನು ವಾಪಸು ಒಯ್ಯಿರಿ ಎಂದು ಪಂಚಾಯ್ತಿ ಕಟ್ಟೆಯಲ್ಲಿ ಕೂಗಾಡಿದ. ಐದಾರು ಜನ ಗಂಡಸರು ಅವನ ಹಿಂದೆ ನಿಂತರು. ನಾನು ಮೇಡಂಗೆ ಫೋನು ಮಾಡಿದೆ. ಮರುದಿನವೇ ಅವರು ಬೆಳಗಾವಿಯಿಂದ ಬಂದರು.

ಮೇಡಂ ಬಗ್ಗೆ ಎರಡು ಮಾತು ಹೇಳಬೇಕು. ನನಗೆ ಹಳ್ಳಿಯಲ್ಲಿ ಕೂತು ಮಾತಾಡುವುದನ್ನು ಕಲಿಸಿದವರು ಅವರು. ಚಹಾ ಕೊಟ್ಟರೆ ಬೇಡ ಎನ್ನಬಾರದು, ಪೆನ್ನು ಮೊದಲು ತೆಗೆಯಬಾರದು, ಅಳುವವರ ಎದುರು ಗಡಿಯಾರ ನೋಡಬಾರದು. ನಾನು ಒಂದು ಸಲ ಜ್ವರ ಬಂದು ಮಲಗಿದಾಗ ಚಿಕ್ಕೋಡಿಯ ನಮ್ಮ ಮನೆಗೇ ಬಂದು ಅವ್ವನ ಹತ್ತಿರ ಕೂತು ಹೋಗಿದ್ದರು. ಅವರ ಹಾಗಾಗಬೇಕು ಎಂದು ನನಗಿತ್ತು.

ಅವರು ಮೆಂಬರನ ಜೊತೆ ಪಂಚಾಯ್ತಿ ಕೋಣೆಯಲ್ಲಿ ಒಂದು ತಾಸು ಕೂತರು. ನಾನು ಹೊರಗಿದ್ದೆ. ಹೊರಗೆ ಬಂದವರು ನಗುತ್ತ, ‘ಒಪ್ಪ್ಯಾರ. ಶನಿವಾರದಿಂದ ಕೆಲಸ ಚಾಲೂ ಮಾಡು’ ಎಂದರು. ಹಿಂದೆ ಬಂದ ಮೆಂಬರ್ ಕೂಡ ನನಗೆ ನಮಸ್ಕಾರ ಹಾಕಿದ. ಹೇಗೆ ಒಪ್ಪಿಸಿದಿರಿ ಎಂದು ನಾನು ಕೇಳಲಿಲ್ಲ. ಎಂಥ ಮಾತುಗಾರಿಕೆ ಎಂದು ಬೆರಗಾದೆ, ಅಷ್ಟೆ.

ಎರಡು ವಾರ ಎಲ್ಲ ಸುಸೂತ್ರ. ಮೂರನೆಯ ವಾರ ಹದಿನಾಲ್ಕನೆಯ ಫೋನು ಬುಧವಾರದಿಂದ ಒಂದೇ ಕಡೆ ನಿಂತುಬಿಟ್ಟಿತು. ಗುರುವಾರವೂ ಹಳದಿ, ಶುಕ್ರವಾರವೂ ಹಳದಿ. ಚಾರ್ಜು ಇದೆ, ನೆಟ್ ಇದೆ, ಆದರೆ ಅಲುಗಾಟವಿಲ್ಲ. ಚೀಲ ಹರಿದಿರಬೇಕು ಎಂದುಕೊಂಡು ಒಂದು ಹೊಸ ಚೀಲ ಹಿಡಿದೇ ಹೋದೆ.

ಮೆಂಬರ್ ಕಟ್ಟೆಯ ಮೇಲೆ ಕೂತಿದ್ದ. ‘ಬರ್ರಿ ಅಕ್ಕಾರ, ಬರ್ರಿ’ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯೇ ಇತ್ತು. ‘ನಿಮ್ಮ ಫೋನ್ ಭಾಳ ಛಲೋ ಕೆಲಸಾ ಮಾಡೇತಿ ಬಿಡ್ರಿ.’

ವೈನಿ ಎಲ್ಲಿ ಎಂದು ಕೇಳಿದೆ. ಅವನು ತನ್ನ ಫೋನು ತೆಗೆದು ನನ್ನ ಮುಂದೆ ಹಿಡಿದ. ಅದರಲ್ಲಿ ನಮ್ಮ ನಕ್ಷೆ ಇತ್ತು. ಬಣ್ಣದ ಗೆರೆಗಳು, ಪಕ್ಕದಲ್ಲಿ ನಂಬರು. ಕಚೇರಿಯ ಪಾಸ್‌ವರ್ಡ್ ಇಲ್ಲದೆ ಆ ಪುಟ ತೆರೆಯುವುದಿಲ್ಲ. ನನ್ನ ಫೋನಿನಲ್ಲೂ ಅದು ತೆರೆಯುತ್ತಿರಲಿಲ್ಲ. ನನಗೆ ಬರುತ್ತಿದ್ದುದು ಪಟ್ಟಿಗಳು ಮಾತ್ರ.

‘ಇದು ನಿಮಗ ಎಲ್ಲಿ ಸಿಕ್ತು?’

‘ನಿಮ್ಮ ಮೇಡಮ್ಮಾರ ಕೊಟ್ಟಾರ್ರಿ. ನಾ ಏನ್ ಕದ್ದೇನೇನು? ನೀವ ನೋಡ್ಕೋರಿ, ಇದರಾಗ ಏನೂ ಕೆಟ್ಟದ್ದಿಲ್ಲ ಅಂದ್ರು. ನೋಡ್ಕೊಂಡೆ.’ ಅವನು ಬೆರಳಿನಿಂದ ಆ ನೀಲಿ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದ. ‘ಹದಿನಾಲ್ಕು ಅಂದ್ರ ಯಾರಂತ ತಿಳಿಯಾಕ ಭಾಳ ಹೊತ್ತ ಆಗ್ಲಿಲ್ರಿ. ಕತ್ತಲಾದ್ಮ್ಯಾಲ ಚುಕ್ಕಿ ನಮ್ಮನಿ ಮ್ಯಾಲ ಬಂದ್ ಕುಂದರ್ತಿತ್ತು.’

ಬುಧವಾರ ಅವನು ಇಬ್ಬರನ್ನು ಕರೆದುಕೊಂಡು ಶೇಡಬಾಳಕ್ಕೆ ಹೋಗಿದ್ದ. ಮಗಳ ಗಂಡ ಕೆಲಸಕ್ಕೆ ಹೋಗಿದ್ದ. ಮನೆಯ ಮಾಲೀಕನ ಎದುರಿಗೇ ಬಾಯಿಗೆ ಬಂದಂತೆ ಬೈದು, ಭಾನುವಾರದೊಳಗೆ ಜಾಗ ಖಾಲಿ ಮಾಡದಿದ್ದರೆ ಗಂಡನನ್ನು ರೈಲು ಹಳಿಯ ಮೇಲೆ ಮಲಗಿಸುತ್ತೇವೆ ಎಂದು ಹೇಳಿ ಬಂದಿದ್ದ. ಆ ಬಸುರಿ ಹೆಂಗಸು ಭಾನುವಾರದವರೆಗೆ ಕಾಯಲಿಲ್ಲ. ಗಂಡ ಬಂದ ಕೂಡಲೇ ಇಬ್ಬರೂ ಸಿಕ್ಕ ರೈಲು ಹತ್ತಿದ್ದರು. ಮಿರಜ ಕಡೆಯೋ ಬೆಳಗಾವಿ ಕಡೆಯೋ ಯಾರಿಗೂ ಗೊತ್ತಿರಲಿಲ್ಲ. ಇದನ್ನೆಲ್ಲ ಅವನು ಸಾರ್ವಜನಿಕ ಕೆಲಸದ ವರದಿ ಒಪ್ಪಿಸಿದ ಹಾಗೆ ಹೇಳಿದ.

ಬಾಗಿಲ ಸಂದಿನಲ್ಲಿ ವೈನಿ ಕಾಣುತ್ತಿದ್ದರು. ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ‘ವೈನಿ’ ಎಂದೆ. ತಲೆ ಎತ್ತಲಿಲ್ಲ. ಇನ್ನೊಮ್ಮೆ ಕರೆದೆ. ಕೈ ಒಂದು ಗಳಿಗೆ ನಿಂತಿತು, ಮತ್ತೆ ಹರಳು ಹೆಕ್ಕತೊಡಗಿತು.

ಊರ ಹೊರಗಿನ ಬೇವಿನ ಗಿಡದ ಕೆಳಗೆ ಸ್ಕೂಟಿ ನಿಲ್ಲಿಸಿ ಮೇಡಂಗೆ ಫೋನು ಹಚ್ಚಿದೆ. ಮೀಟಿಂಗ್‌ನಲ್ಲಿದ್ದೇನೆ ಎಂದು ಸಂದೇಶ ಬಂತು. ಸೋಮವಾರ ಮೊದಲ ಬಸ್ಸು ಹಿಡಿದು ಬೆಳಗಾವಿಗೆ ಹೋದೆ. ದಾರಿಯಲ್ಲಿ ಮನಸ್ಸು ಒಂದೇ ಸಮನೆ ಮೇಡಂ ಪರವಾಗಿ ವಾದ ಮಾಡುತ್ತಿತ್ತು. ಯಾರೋ ಪಾಸ್‌ವರ್ಡ್ ಕದ್ದಿರಬೇಕು, ಮೆಂಬರ್ ಸುಳ್ಳು ಹೇಳಿರಬೇಕು, ಅವರಿಗೆ ಗೊತ್ತಾದರೆ ಕೂಡಲೇ ನನ್ನ ಜೊತೆ ಹೊರಡುತ್ತಾರೆ.

ಅವರು ಎಲ್ಲವನ್ನೂ ಕೇಳಿ, ಬಾಗಿಲು ಮುಂದೆ ಮಾಡಿ ಕೂತರು.

‘ಹೌದು, ನಾನ ಕೊಟ್ಟೆ. ಬರೇ ನೋಡಾಕ. ಆ ಊರು ಕೈ ಬಿಟ್ಟಿದ್ರ ಸುತ್ತಿನ ನಾಲ್ಕು ಊರೂ ಹೋಗ್ತಿದ್ವು. ವರ್ಷದ ಕೆಲಸ ನೀರಾಗ ಹೋಗ್ತಿತ್ತು. ಅದರಾಗ ಹೆಸರು ಇಲ್ಲಲ್ಲ, ನಂಬರ್ ಅಷ್ಟ.’

‘ಕತ್ತಲಾದ್ಮ್ಯಾಲ ಚುಕ್ಕಿ ಯಾರ ಮನಿ ಮ್ಯಾಲ ನಿಲ್ತೈತಿ ಅಂತ ನೋಡಿದ್ರ ಹೆಸರು ಯಾಕ ಬೇಕ್ರಿ ಮೇಡಂ?’

ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿಟ್ಟರು. ‘ಮಂಗಳವಾರದ ವಿಷಯ ನಿನಗ ಮೊದಲ ಗೊತ್ತಿತ್ತಲ್ಲ. ನೀ ಯಾಕ ಫೋನ್ ಇಟ್ ಹೋಗ್ರಿ ಅನ್ನಲಿಲ್ಲ?’ ಎಂದರು.

ಇದು ನಿಜವಾಗಿತ್ತು. ಅದಕ್ಕೇ ನೋವಾಯಿತು. ಅವರು ದನಿ ಮೆತ್ತಗೆ ಮಾಡಿದರು. ಇಂಥದ್ದೆಲ್ಲ ಕ್ಷೇತ್ರಕಾರ್ಯದಲ್ಲಿ ಆಗುತ್ತದೆ, ಇನ್ನೊಂದು ತಿಂಗಳು ಉಳಿದಿದೆ, ಪಟ್ಟಿ ಮುಗಿಸು, ಮೆಂಬರನ ಲಾಗಿನ್ ತೆಗೆಸುತ್ತೇನೆ ಎಂದರು. ಆಗುವುದಿಲ್ಲ ಎಂದೆ. ಆಗ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

‘ಹಿಂದಿನ ತಿಂಗಳ ಒಂದು ಶುಕ್ರವಾರ ಕೆಲಸದ ಹೊತ್ತಿನ್ಯಾಗ ಮೂರು ತಾಸು ನೀ ಚಿಕ್ಕೋಡಿ ದವಾಖಾನ್ಯಾಗ ಇದ್ದಿ. ನಾ ಕೇಳಿದ್ನೇನು? ನಿನ್ನ ಮ್ಯಾಲ ನನಗ ವಿಶ್ವಾಸ ಐತಿ.’

ಆ ಶುಕ್ರವಾರ ಅವ್ವನನ್ನು ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ಕಚೇರಿ ಕೊಟ್ಟ ನನ್ನ ಫೋನಿನಲ್ಲೂ ಅದೇ ಆ್ಯಪು ಇತ್ತು. ಪರದೆಯ ಮೇಲೆ ಗುರುತಿರಲಿಲ್ಲ, ಸೆಟ್ಟಿಂಗಿನಲ್ಲಿ ಹುಡುಕಿದರೆ ಒಳಗೆ ಇತ್ತು. ಮೊದಲ ದಿನದಿಂದ ನನ್ನ ಪಟ್ಟಿಯೂ ತಯಾರಾಗುತ್ತಿತ್ತು. ಆ ಹೆಂಗಸರಿಂದ ಕನಿಷ್ಠ ಒಪ್ಪಿಗೆಯ ಸಹಿಯನ್ನಾದರೂ ತೆಗೆದುಕೊಂಡಿದ್ದೆವು. ನನ್ನನ್ನು ಕೇಳಿಯೂ ಇರಲಿಲ್ಲ. ಜ್ವರ ಬಂದಾಗ ಅವರು ತಾವಾಗಿಯೇ ಮನೆಗೆ ಬಂದದ್ದು ನೆನಪಾಯಿತು. ನಾನು ಮನೆಯಲ್ಲಿ ಮಲಗಿದ್ದೇನೆ ಎಂಬುದು ಅವರಿಗೆ ಹೇಗೆ ಗೊತ್ತಾಗಿತ್ತು ಎಂದು ಆಗ ಯೋಚಿಸಿರಲಿಲ್ಲ.

ಕಚೇರಿಯ ಮೆಟ್ಟಿಲ ಮೇಲೆ ಕೂತು ಆ ಫೋನು ಆರಿಸಿ, ಸಿಮ್ ತೆಗೆದು, ಚೀಲದ ತಳಕ್ಕೆ ಹಾಕಿದೆ. ಹಾಕುವಾಗ ಒಪ್ಪಿಗೆ ಪತ್ರಗಳ ಕಡತ ಕೈಗೆ ಸಿಕ್ಕಿತು. ಎಲ್ಲಕ್ಕಿಂತ ಕೆಳಗೆ ಯಾರೂ ಎಂದೂ ಬಳಸದ ಒಂದು ಹಾಳೆಯಿತ್ತು. ಭಾಗವಹಿಸಿದವರು ಯಾವಾಗ ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಅಲ್ಲಿಯವರೆಗಿನ ತಮ್ಮ ಮಾಹಿತಿಯನ್ನು ಅಳಿಸಿಹಾಕಿ ಎಂದು ಕೇಳಬಹುದು ಎಂಬ ನಮೂನೆ. ಕೆಳಗೆ ಸಹಿಯ ಜಾಗ, ಅದರ ಪಕ್ಕ ಹೆಬ್ಬೆಟ್ಟಿನ ಚೌಕ. ಹಂಚುವಾಗ ಇದನ್ನು ಓದಿ ಹೇಳಬೇಕೆಂದಿತ್ತು. ನಾವು ಅವಸರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೆವು.

ಚಿಕ್ಕೋಡಿಗೆ ಬಂದು ಅದರ ಇಪ್ಪತ್ತೆರಡು ಜೆರಾಕ್ಸ್ ಮಾಡಿಸಿದೆ. ಸ್ಟಾಂಪ್ ಪ್ಯಾಡ್ ಒಂದು ಕೊಂಡೆ. ಮರುದಿನದಿಂದ ನಾಲ್ಕು ದಿನ ಆ ಊರಲ್ಲಿ ಮನೆ ಮನೆ ತಿರುಗಿದೆ.

ಪ್ರತಿ ಮನೆಯಲ್ಲೂ ಒಂದೇ ಕ್ರಮ. ಮೊದಲು ಆದದ್ದನ್ನು ಹೇಳುವುದು: ‘ಊರಾಗಿನವ್ರಿಗೆ ತೋರ್ಸಂಗಿಲ್ಲ ಅಂದಿದ್ದೆ. ತೋರ್ಸ್ಯಾರ. ನಿಮ್ಮದೂ ಆ ನಕ್ಷಾದಾಗ ಇತ್ತು.’ ಯಾರ ಮನೆಯಲ್ಲಿ ಏನಾಯಿತು ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಆಮೇಲೆ ಹಾಳೆಯನ್ನು ಪೂರ್ತಿ ಓದುವುದು. ಒಪ್ಪಿದರೆ ಸಹಿ ಅಥವಾ ಹೆಬ್ಬೆಟ್ಟು. ಆಮೇಲೆ ಅವರ ಎದುರಿಗೇ ಸೆಟ್ಟಿಂಗ್ ತೆರೆದು, ಆ್ಯಪಿಗೆ ಕೊಟ್ಟ ಅನುಮತಿಗಳನ್ನು ಒಂದೊಂದಾಗಿ ತೆಗೆದು, ಕೊನೆಗೆ ಆ್ಯಪನ್ನೇ ತೆಗೆದುಹಾಕಿ, ‘ನೋಡ್ರಿ, ಈಗ ಇಲ್ಲ’ ಎಂದು ತೋರಿಸುವುದು.

ಬೈಸಿಕೊಂಡೆ. ಏಳನೆಯ ನಂಬರಿನವರು ಫೋನನ್ನು ನನ್ನ ಕಾಲ ಬುಡಕ್ಕೆ ಎಸೆದು ಬಾಗಿಲು ಹಾಕಿಕೊಂಡರು. ಹೆಬ್ಬೆಟ್ಟಿಗೆ ಮರುದಿನ ಮತ್ತೆ ಹೋದೆ. ಒಬ್ಬರು ಮಾತ್ರ, ‘ನಂದೇನೈತಿ ನೋಡಾಕ, ಹೊಲ ಮನಿ ಹೊಲ ಮನಿ’ ಎಂದು ನಕ್ಕು, ಆದರೂ ಹೆಬ್ಬೆಟ್ಟು ಒತ್ತಿದರು. ಆ ಕ್ರಮ ತಪ್ಪಿದ್ದು ಮೂರನೆಯ ನಂಬರಿನವರ ಎದುರು. ಅವರು ಹಾಳೆಯನ್ನು ಹಿಂದಕ್ಕೆ ಸರಿಸಿದರು.

‘ನಂದು ಅಳಸಬ್ಯಾಡ್ರಿ. ನಾ ಎಷ್ಟ್ ನಡದೇನಿ ಅನ್ನೂದು ಜಲ್ಮದಾಗ ಒಮ್ಮಿ ಬರದೈತಿ. ಅಳಸಿದ್ರ ನಮ್ಮತ್ತಿ ಅಂದಂಗ ಆತು ಮತ್ತ, ಕುಂತ ತಿಂದಂಗ.’

ಅವರ ಪಟ್ಟಿ ಉಳಿಯಲಿ ಎಂದು ಬರೆದುಕೊಂಡೆ. ಅದೂ ಅವರ ಹಕ್ಕೇ. ಅವರ ಮನೆಯಿಂದ ಹೊರಗೆ ಬಂದಾಗ, ಇಡೀ ಕೆಲಸ ಸುಳ್ಳಾಗಿರಲಿಲ್ಲ, ಅದನ್ನು ನಡೆಸಿದವರು ಸುಳ್ಳಾದೆವು ಎಂದು ನನಗೆ ಅನಿಸಿತು. ಇದು ಸಮಾಧಾನವೇನೂ ಆಗಲಿಲ್ಲ.

ನಾಲ್ಕನೆಯ ದಿನ ಮೆಂಬರ್ ದಾರಿಗೆ ಅಡ್ಡ ನಿಂತು, ‘ಏನ್ ಅಕ್ಕಾರ, ಊರಾಗ ಬೆಂಕಿ ಹಚ್ಚಾಕತ್ತೀರಿ?’ ಎಂದ. ಹದಿನಾಲ್ಕನೆಯ ಫೋನು ಕೊಡಿ ಎಂದೆ. ಒಳಗಿನಿಂದ ತಂದು ಕೊಟ್ಟ. ವೈನಿಯ ಹೆಬ್ಬೆಟ್ಟು ಬೇಕು ಎಂದೆ. ಆಕಿ ಯಾರನ್ನೂ ಭೆಟ್ಟಿ ಆಗಂಗಿಲ್ಲ ಎಂದ.

ಬಂದಷ್ಟು ಹಾಳೆಗಳನ್ನು ಮೇಡಂಗೆ ಕೊಡಲಿಲ್ಲ. ಇಂಥ ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ಒಂದು ಸಮಿತಿ ಇರುತ್ತದೆ. ಅದರ ವಿಳಾಸ ಒಪ್ಪಿಗೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆದದ್ದನ್ನು ನಾಲ್ಕು ಪುಟದಲ್ಲಿ ಬರೆದು, ಅದರಲ್ಲಿ ‘ಫೋನು ಒಯ್ಯಿರಿ, ಯಾರೂ ನೋಡುವುದಿಲ್ಲ’ ಎಂದು ನಾನು ಹೇಳಿದ್ದನ್ನೂ ಸೇರಿಸಿ, ಹಾಳೆಗಳ ಜೊತೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಬರೆಯುವಾಗ ಆ ಒಂದು ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಎರಡು ಸಲವೂ ಮತ್ತೆ ಬರೆದೆ.

ಅಧ್ಯಯನ ಆ ಊರಲ್ಲಿ ನಿಂತಿತು. ಲಾಗಿನ್‌ಗಳನ್ನು ಮುಚ್ಚಿದರೆಂದು ಕೇಳಿದೆ. ನನ್ನ ಕರಾರನ್ನು ಮುಂದುವರಿಸಲಿಲ್ಲ. ಸಮಿತಿಯಿಂದ ಒಂದು ಪತ್ರ ಬಂತು. ವಿಷಯವನ್ನು ಗಮನಿಸಲಾಗಿದೆ ಎಂದಿತ್ತು. ಅಳಿಸಿದರೋ ಇಲ್ಲವೋ ಅದರಲ್ಲಿ ಇರಲಿಲ್ಲ. ಮೇಡಂ ಒಂದು ಸಲ ಫೋನು ಮಾಡಿದರು, ನಾನು ಎತ್ತಲಿಲ್ಲ. ಎತ್ತಿದ್ದರೆ ಅವರು ಏನು ಹೇಳುತ್ತಿದ್ದರು ಎಂದು ಈಗಲೂ ಒಮ್ಮೊಮ್ಮೆ ಊಹಿಸುತ್ತೇನೆ. ಅವರ ಮೇಲಿನ ಸಿಟ್ಟಿಗಿಂತ, ಅವರ ದನಿ ಕೇಳಿದರೆ ಮತ್ತೆ ಒಪ್ಪಿಬಿಡುತ್ತೇನೆ ಎಂಬ ಹೆದರಿಕೆ ಹೆಚ್ಚಿತ್ತು.

ಹದಿನಾಲ್ಕನೆಯ ಹಾಳೆ ಖಾಲಿಯೇ ಉಳಿದಿತ್ತು. ತಿಂಗಳೊಪ್ಪತ್ತಿನ ಮೇಲೆ ಒಂದು ಮುಂಜಾನೆ ಅದನ್ನು ಹಿಡಿದು ಹೋದೆ. ವೈನಿ ಈಗ ಹೊರಗೆ ಬರುವ ಜಾಗ ಒಂದೇ ಎಂದು ಮೂರನೆಯ ನಂಬರಿನವರು ಹೇಳಿದ್ದರು: ಹಾಲಿನ ಡೇರಿ. ಹಿಂಬದಿಯ ನೀರಿನ ನಲ್ಲಿಯ ಹತ್ತಿರ ಕಾದೆ. ಹಾಲು ಹಾಕಿ, ಕ್ಯಾನು ತೊಳೆಯಲು ಬಂದವರು ನನ್ನನ್ನು ನೋಡಿದರು. ಓಡಿಹೋಗಲಿಲ್ಲ. ಕ್ಯಾನು ನಲ್ಲಿಯ ಕೆಳಗಿಟ್ಟು ನೀರು ಬಿಟ್ಟರು.

ನಾನು ಏನೇನೋ ಹೇಳಿದೆ. ತಪ್ಪಾಯಿತು ಎಂಬುದನ್ನು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟು ಬಗೆಯಲ್ಲಿ. ಅವರು ಕ್ಯಾನಿನ ಒಳಗೆ ಕೈ ಹಾಕಿ ಉಜ್ಜುತ್ತಲೇ ಇದ್ದರು.

‘ನಮ್ಮನಿಯವ್ರು ಯಾರಿಗೂ ಹೇಳ್ದಂಗ ಶೇಡಬಾಳಕ್ಕ ಹೋಗಿ ಬಂದ್ರು,’ ಎಂದರು ಕೊನೆಗೆ. ‘ನನ್ನ ಮಗಳು ಬಾಜೂ ಮನಿಯಾಕಿ ಮುಂದ ಹೇಳಿ ಹೋಗ್ಯಾಳಂತ. ಕಾಕಾಗ ತೋರಿಸಿಕೊಟ್ಟಾಕಿ ನಮ್ಮವ್ವನ ಅಂತ.’

ಕ್ಯಾನಿನ ನೀರು ಚೆಲ್ಲಿ ಅವರು ನನ್ನ ಕಡೆ ತಿರುಗಿದರು.

‘ಒಂದ್ ಕೇಳ್ತೀನಿ, ಖರೇ ಹೇಳು. ಆ ನಿಮ್ಮ ನಕ್ಷಾದಾಗ ಆಕಿ ಈಗ ಎಲ್ಲಿ ಅದಾಳ ಅಂತ ಕಾಣತೈತೇನು?’

‘ಇಲ್ರಿ ವೈನಿ. ಆಕಿ ಕಡೆ ನಮ್ಮ ಫೋನ್ ಇಲ್ಲ. ಕಾಣಂಗಿಲ್ಲ.’

ಅವರು ಒಂದು ಸಲ ಉಸಿರು ಬಿಟ್ಟರು. ‘ಛಲೋ ಆತು’ ಎಂದರು.

‘ನಾ ಹುಡುಕತೀನ್ರಿ,’ ಎಂದೆ. ‘ಮಿರಜಕ್ಕ ಹೋಗ್ತೀನಿ, ಬೆಳಗಾವಿಗೆ ಹೋಗ್ತೀನಿ. ನೀವಲ್ಲ, ನಾನ ಅಂತ ಆಕಿ ಮುಂದ ಹೇಳಿ ಬರ್ತೀನಿ. ನಿಮ್ಮ ಮ್ಯಾಲಿನ ಆ ಮಾತು ಹೋಗಬೇಕಲ್ರಿ.’

ವೈನಿ ನಲ್ಲಿ ಬಂದ್ ಮಾಡಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಾನು ಹಿಡಿದಿದ್ದ ಸ್ಟಾಂಪ್ ಪ್ಯಾಡಿಗೆ ತಾವೇ ಹೆಬ್ಬೆರಳು ಒತ್ತಿ, ಹಾಳೆಯ ಚೌಕದಲ್ಲಿ ಊರಿದರು.

‘ಬ್ಯಾಡ. ನೀ ಹುಡುಕಿದ್ರ ಅದೂ ಎಲ್ಯಾರ ಬರದ್ ಇರತೈತಿ. ಆಕಿ ನನ್ನ ಬೈಕೋತ ಇರಲಿ. ಇರಲಿ, ಅಷ್ಟ ಸಾಕು.’

ಖಾಲಿ ಕ್ಯಾನು ಎತ್ತಿಕೊಂಡು ಅವರು ಮನೆಯ ದಾರಿ ಹಿಡಿದರು. ಹಾಳೆಯ ಮೇಲಿನ ಗುರುತು ಒದ್ದೆಗೆ ಸ್ವಲ್ಪ ಹರಡಿತ್ತು. ಒಣಗುವವರೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ.